ಎರಡು ಬಟನ್ನಿನ ಮೀಸೆ ಮಾವ

ಯುಗಾದಿ ಕಳೆದು ಮಾವಿನ ಕಾಯಿಗೆ ಗೊರಟೆ ಕಟ್ಟುವ ಕಾಲ. ಮಧ್ಯಾಹ್ನ ಊಟದ ಹೊತ್ತಿಗೆ ಹೋದ ಕರೆಂಟು ಧರ್ಮಪುರಿಯ ಮೂರು ಗಂಟೆ ಬಸ್ಸು ಹಾರನ್ ಹೊಡೆಯುವಾಗ ವಾಪಸ್ಸು ಬಂತು, ಬಂದದ್ದೂ ಅರ್ಧ ಜೀವದಲ್ಲಿ. ನನ್ನ ಅಳಿಯ ಮುರುಗೇಶನ ಅಂಗಡಿಯಲ್ಲಿ ಎರಡು ವೀಡಿಯೋ ಆಟದ ಮೆಷಿನ್ ಇದ್ದವು. ಎರಡರ ಪರದೆಯೂ ನಾಲ್ಕು ಮೂಲೆಯಿಂದ ಒಳಕ್ಕೆ ಕುಗ್ಗಿ, ಒಳಗೆ ಹೊಡೆದಾಡುವ ಆಳುಗಳು ಕುಳ್ಳರಾಗಿ ನಿಂತರು. ಆಮೇಲೆ ಫ್ಯೂಸು ಹೋಯಿತು.

ಲೈನ್‌ಮನ್ ಕುಪ್ಪಸ್ವಾಮಿ ಕಂಬದಿಂದ ಇಳಿದು ಬಂದು, "ಮುರುಗೇಸು, ಈ ವೈರ್‌ಗೆ ಒಂದೇ ಮೆಷಿನ್ನು. ಎರಡು ಓಡ್ಸಿದ್ರೆ ಅಂಗಡಿನೇ ಉರಿದೋಗುತ್ತೆ. ಒಂದನ್ನ ಕಳ್ಸಿಬಿಡು" ಅಂದ.

ಇದು ತೊಂಬತ್ತಾರನೇ ಇಸವಿಯ ಮಾತು. ಕಾರಿಮಂಗಲಂ ಬಸ್ ಸ್ಟಾಪಿನ ಎದುರು ಆ ಅಂಗಡಿ. ಮೆಷಿನ್ನುಗಳು ಸೇಲಂನವರದು, ಪಾಲಿನ ಮೇಲೆ ಇಟ್ಟಿದ್ದರು. ನಾನು ಬಾಗಿಲ ಪಕ್ಕ ಚಾಪೆಯ ಮೇಲೆ ಕೂತು ಮೆಷಿನ್ನಿಗೆ ಹಾಕುವ ಬಿಲ್ಲೆ ಕೊಡುವವಳು, ಹುಡುಗರ ಬಾಯಲ್ಲಿ ಪಾಟಿ, ಅಂದರೆ ಅಜ್ಜಿ. ನಮ್ಮ ಕುರಿಗಳು ಮಾರಿ ಹೋಗಿದ್ದರೂ ನೂಲುವ ಚಾಳಿ ಕೈ ಬಿಟ್ಟಿರಲಿಲ್ಲ, ಯಾರಾದರೂ ಉಣ್ಣೆ ತಂದು ಕೊಟ್ಟರೆ ಕದಿರು ತಿರುಗಿಸುತ್ತ ಕೂತಿರುತ್ತಿದ್ದೆ. ಮೆಷಿನ್ನಿನ ಮೇಲೆ ಏನೋ ಅಕ್ಷರ ಬರೆದಿತ್ತು. ನನಗೆ ಓದಲು ಬಾರದು, ಓದಲು ಬಂದವರೂ ಆ ಹೆಸರು ಹೇಳುತ್ತಿರಲಿಲ್ಲ. ಒಂದಕ್ಕೆ ಆರು ಬಟನ್ ಅನ್ನುವರು. ಇನ್ನೊಂದಕ್ಕೆ ಎರಡೇ ಬಟನ್, ಒಂದು ಕಡಿಯಲು, ಒಂದು ತಡೆಯಲು. ಅದರೊಳಗೆ ಉದ್ದ ಕತ್ತಿ ಹಿಡಿದ ಒಬ್ಬ ಮೀಸೆಯವನಿದ್ದ. ಅವನಿಂದ ಆ ಮೆಷಿನ್ನಿಗೆ ಮೀಸೆ ಮಾವ ಅಂತ ಹೆಸರು ಬಿದ್ದಿತ್ತು.

ಮೀಸೆ ಮಾವನ ಮುಂದೆ ಯಾವಾಗಲೂ ನಿಲ್ಲುತ್ತಿದ್ದವನು ಎಲ್ಲಪ್ಪ. ಇಪ್ಪತ್ತೈದು ದಾಟಿದ ಆಳು. ಸಬ್ಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿನ ಬೆಲ್ಟಿಗೆ ಬಲಗೈಯ ಎರಡು ಬೆರಳು ಕೊಟ್ಟು ಬಂದಿದ್ದ. ಉಳಿದದ್ದು ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ಬೀದಿಯಲ್ಲಿ ನಡೆಯುವಾಗ ಆ ಕೈ ಲುಂಗಿಯ ಮಡಿಕೆಯಲ್ಲಿರುತ್ತಿತ್ತು. ಟೀ ಕುಡಿಯುವಾಗಲೂ ಎಡಗೈ. ಮೀಸೆ ಮಾವನ ಮುಂದೆ ನಿಂತರೆ ಮಾತ್ರ ಅದನ್ನು ಹೊರಗೆ ತೆಗೆದು, ಬಟನ್ನಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡುವನು. ಯಾರೂ ಆ ಕೈ ನೋಡುತ್ತಿರಲಿಲ್ಲ, ಪರದೆ ನೋಡುತ್ತಿದ್ದರು. ಆ ಮೆಷಿನ್ ಹೋದರೆ ಅವನಿಗೆ ಊರಲ್ಲಿ ಅಂಥ ಇನ್ನೊಂದು ಜಾಗ ಇರಲಿಲ್ಲ.

ಆರು ಬಟನ್ನಿಗೆ ಮಾದೇಶ. ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲೋಯರ್ ಪರೀಕ್ಷೆ ಪಾಸಾಗಿ ಹೈಯರ್ ಕಟ್ಟಿದ್ದವನು. ಬೆರಳು ಹೇಗೆ ಓಡುತ್ತಿತ್ತು ಅಂದರೆ ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಯಾವ ಆಟಕ್ಕೆ ತಿರಮೆ ಹೆಚ್ಚು ಬೇಕು ಅನ್ನುವುದು ಇವರಿಬ್ಬರ ಹಳೆಯ ಜಗಳ. ತಿರಮೆ ಅಂದರೆ ಅವರ ಲೆಕ್ಕದಲ್ಲಿ ಕೈಚಳಕವೂ ಹೌದು, ತಲೆಯೂ ಹೌದು. ಈಗ ಒಂದು ಮೆಷಿನ್ ಹೋಗಬೇಕು ಅಂದ ಕೂಡಲೇ ಜಗಳಕ್ಕೆ ಹೊಸ ಜೀವ ಬಂತು.

"ಮೂರು ಗುದ್ದು, ಮೂರು ಒದೆ," ಅಂದ ಮಾದೇಶ. "ಲಿವರ್ ಕೆಳಕ್ಕೆ ಒತ್ತಿ, ಸುತ್ತಿಸಿ ಮುಂದಕ್ಕೆ ತಂದು ಅದೇ ಗಳಿಗೆಗೆ ಗುದ್ದುದ್ರೆ ಒಳಗಿರೋ ಆಳಿನ ಕೈಯಾಗೆ ಬೆಂಕಿ ಬರ್ತದೆ. ಕೂದಲೆಳೆ ತಡ ಆದ್ರೂ ಬರಲ್ಲ. ನಿನ್ನ ಮೀಸೆ ಮಾವನಿಗೆ ಏನ್ಲಾ ಬೇಕು? ಬೀಸು, ತಡಿ. ನಮ್ಮ ಪಾಟಿನೂ ಆಡ್ತಾಳೆ."

"ಪಾಟಿ ಆಡುದ್ರೆ ನೀನೇ ಸೋಲೋದು," ಅಂದ ಎಲ್ಲಪ್ಪ. "ನಿನ್ನ ಆಟದಾಗೆ ಏಟು ಮ್ಯಾಲೆ ಏಟು ತಿಂದ್ರೂ ಎದ್ದು ನಿಲ್ತಾನೆ. ಇದ್ರಾಗೆ ಒಂದು ತಪ್ಪುದ್ರೆ ತಲೆ ನೆಲದ ಮ್ಯಾಲೆ. ತಪ್ಪುದ್ರೂ ಪರವಾಗಿಲ್ಲ ಅನ್ನೋ ತಾವ ತಿರಮೆ ಎಲ್ಲೈತೆ?"

"ಓ, ದೊಡ್ಡ ವಾದ್ಯಾರ್ ಬಂದ್ಬಿಟ್ರು!"

"ಪೋದುಂಪಾ, ಸಾಕು!" ಅಂತ ಮುರುಗೇಶ ಬೀಗದ ಕೈಯಿಂದ ಮೇಜು ಕುಟ್ಟಿದ. ಅವನಿಗೆ ಮೀಸೆ ಮಾವನ ಮೇಲೆಯೇ ಮನಸ್ಸು. ಆ ಆಟ ಬೇಗ ಮುಗಿಯುತ್ತದೆ, ಬಿಲ್ಲೆ ಬೇಗ ಓಡುತ್ತದೆ. ಆದರೆ ಅವನಾಗಿ ಅವನು ಹೇಳಿದರೆ ಮಾದೇಶನ ಕಡೆಯವರೆಲ್ಲ ಅಂಗಡಿ ಬಿಡುವರು. ಅದಕ್ಕೇ ನನ್ನ ಕಡೆ ತಿರುಗಿ, "ಅತ್ತೆ, ನೀನೇ ಒಂದು ಮಾತು ಏಳು. ದಿನಾ ಕೇಳ್ತಾ ಇದ್ದೀಯಲ್ಲ" ಅಂದ.

ನನಗೆ ಆಟ ತಿಳಿಯದು. ತಿಳಿದ ಒಂದನ್ನು ಹೇಳಿದೆ. ನಮ್ಮ ಅಪ್ಪನೂ ಚಿಕ್ಕಪ್ಪನೂ ಮಂದೆ ಪಾಲು ಮಾಡಿಕೊಳ್ಳುವಾಗ, ಮೊದಲು ಇವರ ಮಂದೆ ಅವರು, ಅವರ ಮಂದೆ ಇವರು, ಒಂದು ಸಂತೆಯಿಂದ ಇನ್ನೊಂದು ಸಂತೆವರೆಗೆ ಮೇಯಿಸಿದರು. ಕುಂಟುವ ಕುರಿ ಯಾವುದು, ಹಾಲಿಲ್ಲದ ತಾಯಿ ಯಾವುದು ಅಂತ ಹಿಂದೆ ನಡೆದು ತಿಳಿದುಕೊಂಡ ಮೇಲೇ ಪಾಲಿನ ಮಾತು. ಅಲ್ಲಿವರೆಗೆ ಬಾಯಿ ಬಿಡುವಂತಿರಲಿಲ್ಲ.

"ನೀವೂ ಅಂಗೇ ಮಾಡ್ರಪ್ಪ," ಅಂದೆ. "ಅವನ ಮೆಷಿನ್ನು ಇವನು ಆಡ್ಲಿ, ಇವನದ್ದು ಅವನು."

ಮುರುಗೇಶ ಒಪ್ಪಿದ. "ಬರೋ ಮಂಗಳವಾರ ಸಂತೆ ಗಂಟ. ಅಲ್ಲಿ ತನಕ ಒಂದು ಹೊತ್ತು ಅದು, ಒಂದು ಹೊತ್ತು ಇದು ಓಡ್ಸೋಣ. ಆಮೇಲೆ ಇಬ್ರ ಮಾತೂ ಒಂದಾದ್ರೆ ಅದೇ ತೀರ್ಪು. ಬ್ಯಾರೆ ಆದ್ರೆ ನನ್ನ ಇಷ್ಟ."

ಅವನ ಇಷ್ಟ ಯಾವುದು ಅಂತ ಅಂಗಡಿಗೆಲ್ಲ ಗೊತ್ತಿತ್ತು. ಎಲ್ಲಪ್ಪ ಮಂಗಳವಾರ ಬಂದು ಮೀಸೆ ಮಾವ ಅಂದರೆ ಸಾಕು, ಆ ಮೆಷಿನ್ ಉಳಿಯುತ್ತಿತ್ತು.

ಮಾದೇಶ ಮೀಸೆ ಮಾವನ ಮುಂದೆ ನಿಂತು ಬಟನ್ ಕುಟ್ಟಿದ್ದೇ ಕುಟ್ಟಿದ್ದು. ಕತ್ತಿ ಸುಮ್ಮನೆ ಗಾಳಿ ಸೀಳುವುದು, ಮೀಸೆ ಮಾವ ಬೀಳುವನು. ಎರಡು ದಿನಕ್ಕೆ ಬೇಸತ್ತು, "ಇದು ಆಟ ಅಲ್ಲ, ಬಸ್ಸಿಗೆ ಕಾಯೋದು" ಅಂತ ಬೈದು ಹೊರಗೆ ಕಟ್ಟೆಯ ಮೇಲೆ ಕೂತ.

ಎಲ್ಲಪ್ಪ ಆರು ಬಟನ್ನಿನ ಮುಂದೆ ಮೊದಲ ದಿನ ಬಲಗೈ ಇಟ್ಟ. ಮೂರು ಬೆರಳು ಆರು ಬಟನ್ನಿನ ಮೇಲೆ ಎಷ್ಟು ಹರಡಿದರೂ ಸಾಲಲಿಲ್ಲ. ಗುದ್ದಲು ಹೋದರೆ ಒದೆ, ಒದೆಯಲು ಹೋದರೆ ಏನೂ ಇಲ್ಲ. ಆ ದಿನ ಎಲ್ಲರೂ ಅವನ ಕೈ ನೋಡಿದರು. ಅವನು ಬಿಲ್ಲೆ ಉಳಿದಿದ್ದರೂ ಹೊರಟು ಹೋದ. ಇನ್ನು ಬರುವುದಿಲ್ಲ ಅಂದುಕೊಂಡೆ.

ಮಾರನೆ ದಿನ ಬಂದ. ಈ ಸಲ ಕೈ ಅಡ್ಡ ಹಾಕಿದ. ಎಡಗೈ ಬಲಕ್ಕೆ ಬಟನ್ನಿನ ಮೇಲೆ, ಬಲಗೈ ಎಡಕ್ಕೆ ಬಂದು ಹೆಬ್ಬೆರಳಿನ ಸಂದಿಯಲ್ಲಿ ಲಿವರ್ ಹಿಡಿಯಿತು.

"ಎನ್ನಡಾ ಇದು!" ಅಂತ ಮಾದೇಶ ಕಟ್ಟೆಯಿಂದ ಎದ್ದು ಬಂದ. "ಪಿಳ್ಳೆಯಾರ್ ಮುಂದೆ ಕಿವಿ ಇಡ್ಕೊಂಡು ಬಸ್ಕಿ ಒಡೆಯಂಗೈತೆ! ತೆಂಗಿನಕಾಯಿ ತರ್ಲಾ?"

"ತತ್ತಾ. ನಿನ್ನ ತಲೆ ಮ್ಯಾಲೆ ಒಡೀತೀನಿ," ಅಂದ ಎಲ್ಲಪ್ಪ, ಪರದೆಯಿಂದ ಕಣ್ಣು ತೆಗೆಯದೆ.

ಅವನು ಸೋಲುತ್ತಲೇ ಇದ್ದ. ನಾನು ನೂಲುವಾಗ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಮೊದಮೊದಲು ಬಟನ್ನಿನ ಸದ್ದು ಎಡವಿದ ಕಾಲಿನ ಹಾಗೆ ಬರುತ್ತಿತ್ತು. ಭಾನುವಾರದ ಹೊತ್ತಿಗೆ ಸದ್ದೇ ಕಡಿಮೆಯಾಯಿತು. ತಡೆದು, ತಡೆದು, ಒಂದು ಸಲ ಟಕ್ ಅನ್ನುವುದು. ಆ ಸಂಜೆ ಪರದೆಯಲ್ಲಿ ಬೆಂಕಿ ಬಂತು. ಯಾರೋ ಸಿಳ್ಳೆ ಹಾಕಿದರು. ಎಲ್ಲಪ್ಪ ತಾನೇ ಬೆಚ್ಚಿ ಲಿವರ್ ಬಿಟ್ಟು, ಆ ಆಟವನ್ನೂ ಸೋತ.

ಮಂಗಳವಾರ ಸಂತೆ ಮುಗಿಸಿ, ಚೀಲ ಬಾಗಿಲಲ್ಲಿಟ್ಟು ಎಲ್ಲರೂ ಒಳಗೆ ಬಂದರು. ಮೊದಲು ಮಾದೇಶ ಮಾತಾಡಿದ.

"ಮೀಸೆ ಮಾವನ ಆಟದಾಗೆ ನಾನು ಸೋತಿದ್ದು ನಿಜ. ಅಲ್ಲಿ ಕಾಯೋದು ಗೊತ್ತಿರಬೇಕು, ನಂಗೆ ಕಾಯಾಕೆ ಬರಲ್ಲ. ಆದ್ರೆ ಕಾಯೋದು ತಿರಮೆನಾ? ನಮ್ಮ ಎಮ್ಮೆನೂ ಕಾಯ್ತದೆ. ನನ್ನ ಮಾತು ಆರು ಬಟನ್ನಿಗೇ."

ಎಲ್ಲರೂ ನಕ್ಕರು. ಮುರುಗೇಶ ಸಮಾಧಾನದಿಂದ ಎಲ್ಲಪ್ಪನ ಕಡೆ ತಿರುಗಿದ. ಅವನ ಲೆಕ್ಕ ಸರಿಯಾಗೇ ಹೋಗುತ್ತಿತ್ತು.

"ನಂದೂ ಆರು ಬಟನ್ನಿಗೇ," ಅಂದ ಎಲ್ಲಪ್ಪ.

ಮುರುಗೇಶನಿಗೆ ಅರ್ಥವಾಗಲಿಲ್ಲ. "ಲೇ, ಯೋಚ್ನೆ ಮಾಡಿ ಏಳು. ಅಂಗಂದ್ರೆ ಮೀಸೆ ಮಾವ ಓಗ್ತಾನೆ."

"ಗೊತ್ತು ಮಾಮ."

"ಮತ್ತೆ?"

ಎಲ್ಲಪ್ಪ ಆರು ಬಟನ್ನಿನ ಕಡೆ ಕೈ ತೋರಿಸಿದ. "ಕಾಯೋದು ಮೀಸೆ ಮಾವನ ತಾವ ಮಾತ್ರ ಐತೆ ಅಂದ್ಕಂಡಿದ್ದೆ. ಇದ್ರಾಗೂ ಐತೆ. ಅಲ್ಲಿ ಕಾದು ಒಂದು ಬಟನ್ ಒತ್ತಬೇಕು. ಇಲ್ಲಿ ಕಾಯ್ತಾ ಕಾಯ್ತಾ ಆರ್ರಾಗೆ ಯಾವ್ದು ಅಂತ ತಿಳಿದಿರಬೇಕು, ಎದುರಿಗಿರೋನು ಯಾವ್ದು ಒತ್ತಾನೆ ಅಂತಾನೂ ತಿಳಿದಿರಬೇಕು. ಮಾದೇಸ ಕುಟ್ತಾನಲ್ಲ, ಅವನಿಗೂ ಈ ಆಟ ಇನ್ನಾ ಅರ್ಧ ಗೊತ್ತಿಲ್ಲ."

"ಏಯ್!" ಅಂದ ಮಾದೇಶ.

"ನಿಜ ತಾನೇ? ಆಡಿ ನೋಡ್ದೆ, ಏಳ್ದೆ. ಪಾಟಿ ಅದಕ್ಕೇ ತಾನೇ ಬದಲಿ ಮಾಡ್ಸಿದ್ದು?"

ನಾನು ಮಂದೆ ಬದಲಿಯ ಮಾತು ಎತ್ತುವಾಗ ಮಾದೇಶನ ಸದ್ದು ಸ್ವಲ್ಪ ಅಡಗಲಿ ಅಂದುಕೊಂಡಿದ್ದೆ, ಅಷ್ಟೇ. ಮಾತು ಹೀಗೆ ತಿರುಗುತ್ತದೆ ಅಂತ ಎಣಿಸಿರಲಿಲ್ಲ. ಸುಮ್ಮನೆ ತಲೆ ಆಡಿಸಿದೆ.

ಮಾದೇಶನಿಗೆ ಗೆದ್ದ ಮುಖವೇ ಇರಲಿಲ್ಲ. "ಹುಚ್ಚು ನನ್ಮಗನೇ, ಇನ್ಮ್ಯಾಲೆ ನೀನು ಏನು ಆಡ್ತೀಯ?" ಅಂದ.

"ಇದನ್ನೇ."

"ಕೈ ಅಡ್ಡ ಆಕ್ಕೊಂಡಾ?"

"ನೇರ ಆಕಾಕೆ ನಿನ್ನ ಬೆರಳು ಕೊಡ್ತೀಯಾ?"

ಅಂಗಡಿಯಲ್ಲಿ ಆ ಬೆರಳಿನ ಮಾತು ಯಾರೂ ಎತ್ತಿದ್ದಿಲ್ಲ. ಅವನೇ ಎತ್ತಿದ, ಅವನೇ ನಕ್ಕ. ಆಮೇಲೆ ಉಳಿದವರೂ ನಕ್ಕರು.

ಸೇಲಂನಿಂದ ಟೆಂಪೋ ಬಂದದ್ದು ಬೆಳಗಿನ ಬಿಸಿಲು ಬಾಗಿಲಿಗೆ ಬರುವಾಗ. ವೈರು ಕೀಳುವ ಮುಂಚೆ ಪರದೆಯಲ್ಲಿ ಮೀಸೆ ಮಾವ ಕತ್ತಿ ನೆಲಕ್ಕೂರಿ ನಿಂತಿದ್ದ. ಮುರುಗೇಶ, "ಒಂದು ಆಟ ಆಡ್ಬಿಡು, ಬಿಲ್ಲೆ ಬ್ಯಾಡ" ಅಂದ. ಎಲ್ಲಪ್ಪ ಬೇಡ ಅಂತ ತಾನೇ ಪ್ಲಗ್ಗು ಕಿತ್ತ. ಮೀಸೆ ಮಾವ ಒಂದು ಬಿಳಿ ಚುಕ್ಕಿಯಾದ, ಆಮೇಲೆ ಅದೂ ಆರಿತು. ಮೆಷಿನ್ ಎತ್ತುವಾಗ ಎಲ್ಲಪ್ಪ ಒಂದು ಮೂಲೆಗೆ ಕೈ ಕೊಟ್ಟ, ಬಲಗೈಯನ್ನೇ.

ಟೆಂಪೋ ತಿರುಗುವ ಮೊದಲೇ ಇಬ್ಬರೂ ಒಳಗೆ ಆರು ಬಟನ್ನಿನ ಮುಂದೆ ನಿಂತಿದ್ದರು. ಅಡ್ಡ ಹಾಕಿದ ಕೈಗೆ ಮೊಣಕೈ ಆಡಲು ಜಾಗ ಬೇಕು.

"ಜರುಗೋ ಮಾದೇಸ."

"ಇನ್ನೆಷ್ಟ್ಲಾ ಜರುಗೋದು? ಗೋಡೆ ಬಂತು."

"ಗೋಡೆಗೆ ಅಂಟ್ಕೋ."

ಮಾದೇಶ ಬೈಯುತ್ತ ಅಂಟಿಕೊಂಡ. ನಾನು ಹೊರಗೆ ನೋಡಿದೆ. ಗೋಣಿತಾಟು ಹೊದ್ದು, ಹಗ್ಗ ಬಿಗಿಸಿಕೊಂಡು, ಮೀಸೆ ಮಾವ ನಮ್ಮೂರು ಬಿಟ್ಟು ಸೇಲಂ ಕಡೆಗೆ ಹೋದದ್ದು ಶುಕ್ರವಾರ.