ಅಧ್ಯಕ್ಷರ ಮೊಮ್ಮಗಳು ಹುಲ್ಲಾದದ್ದು

"ನನ್ನ ಮೊಮ್ಮಗಳು ಹುಲ್ಲಾ?" ಎಂದರು ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು. ನೆರಳಿನಲ್ಲಿ ಹಾಕಿಸಿಕೊಂಡಿದ್ದ ಮೆತ್ತನೆಯ ಕುರ್ಚಿಯಿಂದ ಏಳಬೇಕಾಯಿತಲ್ಲ ಎಂಬ ಸಿಟ್ಟು ಬೇರೆ. ಪಕ್ಕದಲ್ಲಿದ್ದ ಹೆಡ್‌ಮಾಸ್ತರರ ಮುಖ ಹುಳ್ಳಗಾಯಿತು. ಆ ಮುಖಕ್ಕೆ ಸ್ವಂತದ್ದೊಂದು ಬಣ್ಣವೇ ಇರಲಿಲ್ಲ. ಅಧ್ಯಕ್ಷರದ್ದು ಹೇಗೋ ಹಾಗೆ.

ವಿಜ್ಞಾನದ ಟೀಚರ್ ಮೈದಾನದಲ್ಲಿ ಆಡಿಸುತ್ತಿದ್ದದ್ದು ಜಿಂಕೆಯಾಟ. ಒಂದು ಗೆರೆಯ ಮೇಲೆ ಜಿಂಕೆಗಳು. ಎದುರಿನ ಗೆರೆಯ ಮೇಲೆ ಹುಲ್ಲು, ನೀರು, ಪೊದೆಗಳಾದ ಮಕ್ಕಳು. ಸೀಟಿ ಊದಿದೊಡನೆ ಜಿಂಕೆಗಳು ಓಡಿಹೋಗಿ ತಮಗೆ ಬೇಕಾದ್ದನ್ನು ಹಿಡಿಯಬೇಕು. ಕೈಗೆ ಸಿಕ್ಕ ಹುಲ್ಲು ಮರಿಯಾಗಿ ಜಿಂಕೆಗಳ ಸಾಲಿಗೆ ಬರುತ್ತದೆ. ಏನೂ ಸಿಗದ ಜಿಂಕೆ ಸತ್ತು ಹುಲ್ಲಾಗುತ್ತದೆ. ಜಿಂಕೆ ಹೆಚ್ಚಿದರೆ ಹುಲ್ಲು ಸಾಲದು, ಹುಲ್ಲು ಸಾಲದಿದ್ದರೆ ಜಿಂಕೆ ಉಳಿಯದು. ಮಕ್ಕಳಿಗೆ ಎರಡೇ ಸುತ್ತಿನಲ್ಲಿ ಅರ್ಥವಾದದ್ದು ನೆರಳಿನಲ್ಲಿ ಕೂತವರ ತಲೆಗೆ ಹೋಗಲಿಲ್ಲ. ಅಧ್ಯಕ್ಷರ ಮೊಮ್ಮಗಳು ನೀರು ಸಿಗದೆ ಸತ್ತು, ನಗುನಗುತ್ತಲೇ ಹುಲ್ಲಾಗಿ ನಿಂತಿದ್ದಳು.

"ಸಾಯೋ ಆಟ ಆಡಿಸಿ ಅಂತ ಯಾರ್ರೀ ಹೇಳಿದ್ದು?" ಹೆಡ್‌ಮಾಸ್ತರರು ಟೀಚರ್ ಬಳಿ ಬಂದು ಪಿಸುಗುಟ್ಟಿದರು. "ನಿಮ್ಮ ಕೆಲಸ ಖಾಯಂ ಮಾಡ್ಸೋಕೇ ಇವತ್ತು ಅವರನ್ನ ಕರ್ಸಿರೋದು. ತಲೇಲಿ ಏನಿದೆ ನಿಮಗೆ?"

"ಸರ್, ಒಂದೂ ಸಾಯದೆ ಇದ್ರೆ ಆಟಾನೇ ಇಲ್ಲ."

"ನಮ್ಮ ಶಾಲೇಲಿ ಜಿಂಕೆ ಸಾಯಲ್ಲ. ಎಲ್ಲರನ್ನೂ ಜಿಂಕೆ ಮಾಡಿ."

ವರ್ಷಗಟ್ಟಲೆ 'ತಾತ್ಕಾಲಿಕ' ಎನಿಸಿಕೊಂಡು ಟೀಚರ್‌ಗೆ ಸಾಕಾಗಿ ಹೋಗಿತ್ತು. ಊಟಕ್ಕೆ ಕೂತಾಗಲೆಲ್ಲ ಅತ್ತೆ "ಇನ್ನೂ ಖಾಯಂ ಆಗ್ಲಿಲ್ವೇನಮ್ಮ?" ಎಂದು ಕೇಳುವುದೂ ಸಾಕಾಗಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಬನ್ನಿ, ಎಲ್ಲರೂ ಜಿಂಕೆ" ಎಂದಳು.

ಮಕ್ಕಳೆಲ್ಲ ಒಂದೇ ಗೆರೆಗೆ ಬಂದು ನಿಂತರು. ಸೀಟಿ ಊದಿದಳು. ಯಾರೂ ಓಡಲಿಲ್ಲ. ಓಡಿ ಹಿಡಿಯಲು ಆ ಕಡೆ ಯಾರಿದ್ದರು?

"ನೋಡಿ, ಒಂದೂ ಸತ್ತಿಲ್ಲ" ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಕಾಡನ್ನೆಲ್ಲ ತಾವೇ ಕಾಪಾಡಿದವರ ಹಾಗೆ ಎದೆಯುಬ್ಬಿಸಿ, "ಈಯಮ್ಮ ಪರವಾಗಿಲ್ಲ ಕಣ್ರೀ. ಖಾಯಂ ಮಾಡ್ಕೊಳ್ಳಿ" ಎಂದರು. ಹೆಡ್‌ಮಾಸ್ತರರು ಹಲ್ಲು ಕಿರಿದು ತಾವೂ ತಟ್ಟತೊಡಗಿದರು. ಥೂ.

ಮೊಮ್ಮಗಳು ಟೀಚರ್ ಕೈ ಜಗ್ಗಿದಳು. "ಮಿಸ್, ಎಲ್ಲರೂ ಜಿಂಕೆ ಆದ್ರೆ ಏನು ತಿನ್ನೋದು? ನಾನು ಹುಲ್ಲೇ ಆಗ್ತೀನಿ." ಉತ್ತರಕ್ಕೂ ಕಾಯದೆ ಮೈದಾನ ದಾಟಿ, ಎದುರಿನ ಗೆರೆಯ ಮೇಲೆ ಒಬ್ಬಳೇ ಹೋಗಿ ನಿಂತಳು.

ಚಪ್ಪಾಳೆ ನಿಂತಿತು. ಟೀಚರ್ ಓಡಿದಳು. ಹುಡುಗಿ ಕೊಸರಾಡುತ್ತಿದ್ದರೂ ಬಿಡದೆ ಅವಳ ರಟ್ಟೆ ಹಿಡಿದು ಎಳೆದು ತಂದು, ಜಿಂಕೆಗಳ ಸಾಲಿನಲ್ಲಿ ನಿಲ್ಲಿಸಿದಳು.