ದಬ್ಬುವ ಪಾಠ

ಶಹಾಬಾದಿನ ಆಚೆಯ ಹಳ್ಳಿಶಾಲೆಯ ಗೇಟಿಗೆ ಅಡ್ಡವಾಗಿ ಊರ ಸಾಹುಕಾರ ಹಣಮಂತರಾಯನ ಖಾಲಿ ಟ್ರಾಲಿ ನಿಂತು ತಿಂಗಳಾಗಿತ್ತು. ಮಕ್ಕಳು ಸಂದಿಯಲ್ಲಿ ಮೈ ತೂರಿಸಿಕೊಂಡು ಒಳಗೆ ಬರಬೇಕಿತ್ತು. ತೆಗೆಯಿರಿ ಎಂದು ಹೇಳಿ ಹೇಳಿ ಉಮಾದೇವಿ ಟೀಚರ ಬಾಯಿ ಸೋತಿತ್ತು. "ಟ್ರ್ಯಾಕ್ಟರ್ ಖಾಲಿ ಇಲ್ಲ" ಎಂಬುದೊಂದೇ ಅವನ ಉತ್ತರ.

ಆ ದಿನ ಎರಡನೇ ತರಗತಿಗೆ ದಬ್ಬುವುದು, ಜಗ್ಗುವುದರ ಪಾಠ. ಪುಸ್ತಕದ ಚಿತ್ರ ನೋಡಿ ಮಕ್ಕಳು ಆಕಳಿಸಿದರು. ಆಕೆ ಪುಸ್ತಕ ಮುಚ್ಚಿ ಎಲ್ಲರನ್ನೂ ಗೇಟಿಗೆ ಕರೆದೊಯ್ದಳು.

ಪುಟ್ಟ ಭಾಗ್ಯ ಒಬ್ಬಳೇ ದಬ್ಬಿದಳು. ಟ್ರಾಲಿ ಮಿಸುಕಲಿಲ್ಲ.

"ಗಾಲಿಗಿ ಪರಸಿ ಕಲ್ಲ ಕೊಟ್ಟಾರ್ರಿ ಟೀಚರ್" ಎಂದಳು.

ಉಮಾದೇವಿ ಆ ಚಪ್ಪಡಿ ಕಲ್ಲುಗಳನ್ನು ಎಳೆದು ತೆಗೆದಳು. "ಈಗ ಎಲ್ಲಾರೂ ಹಿಂದ ನಿಂತು ಕೂಡಿ ದಬ್ರಿ."

ಬೇರೆ ತರಗತಿಯವರೂ ಓಡಿಬಂದು ಕೈಹಚ್ಚಿದರು. ಟ್ರಾಲಿ ಕಿರುಗುಟ್ಟಿತು, ಮೆಲ್ಲಗೆ ಉರುಳಿತು, ಎದುರಿಗಿದ್ದ ಹಣಮಂತರಾಯನ ಮನೆ ಬಾಗಿಲಿಗೇ ಅಡ್ಡವಾಗಿ ನಿಂತಿತು. ಆಕೆ ಮರೆಯದೆ ಗಾಲಿಗೆ ಮತ್ತೆ ಕಲ್ಲು ಕೊಟ್ಟಳು.

ಹಣಮಂತರಾಯ ಸಂದಿಯಲ್ಲಿ ಮೈ ತೂರಿಸಿಕೊಂಡು ಹೊರಗೆ ಬಂದ. "ಯಾರನ್ನ ಕೇಳಿ ಇಲ್ಲಿ ತಂದ್ರಿ?"

"ಇವತ್ತ ಹುಡುಗ್ರು ದಬ್ಬೋದು ಕಲ್ತಾರ್ರಿ ಸಾವ್ಕಾರ್ರ" ಎಂದಳು ಉಮಾದೇವಿ, ಕೈಯ ಧೂಳು ಕೊಡವುತ್ತ. "ಜಗ್ಗೋದು ಬಾಕಿ ಅದ. ನಾಳಿ ಮತ್ತ ಗೇಟಿಗಿ ನಿಲ್ಲಸ್ರಿ."