ಕಣಜದ ಗದ್ದ

ಮೂಳೆ ಸಾರು ಒಂದು ಕುದಿ ಬರುವ ಹೊತ್ತಿಗೆ ತಾಮ್ ಮಾಮ ಲುವಾ ಅಜ್ಜಿಯ ಶಾವಿಗೆ ಅಂಗಡಿಗೆ ಬರುವುದು ವಾಡಿಕೆ. ಸಾ ದೆಕ್ ಪೇಟೆಯ ಹೊಳೆಯಲ್ಲಿ ಹಿಂದೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು ಅವರು. ಸೇತುವೆ ಬಂದ ಮೇಲೆ ಕೆಲಸ ಹೋಯಿತು, ಬೆಳಗ್ಗೆ ಬೇಗ ಏಳುವ ಅಭ್ಯಾಸ ಮಾತ್ರ ಉಳಿಯಿತು. ಅವರಿಗೆ ಶಾವಿಗೆಗಿಂತ ಮೊದಲು ಲಾಟರಿ ಚೀಟಿ ಆಗಬೇಕು. ಚೀಟಿ ಮಾರುವವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಒಳಗೆ ಕೂಗುತ್ತಿದ್ದರು.

"ಥೊವಾ, ಬಾರವ್ವ ಇಲ್ಲಿ! ಆ ಗದ್ದ ಒಂದ್ಸಲ ತೋರ್ಸಿ ಚೀಟಿ ಎತ್ಕೊಡು. ಹೋದ ಸಲ ಒಂದೇ ಅಂಕಿಯಲ್ಲಿ ತಪ್ಪಿತು ನೋಡು."

"ಒಂದೇ ಅಂಕಿ ಅಂತ ನೀವು ಪ್ರತಿ ಸಲ ಅಂತೀರಿ, ಮಾಮ."

ಥೊವಾ ಒದ್ದೆ ಕೈ ಒರೆಸಿಕೊಂಡು ಬಂದಳು. ಬಲಗೈಯಲ್ಲಿ ಚೀಟಿ ಎತ್ತಿದಳು. ಎಡಗೈ ಬಾಯಿಗೆ ಅಡ್ಡವಾಗಿತ್ತು. ಆ ಕೈ ಅಲ್ಲಿರುವುದನ್ನು ಎಲ್ಲರೂ ಎಷ್ಟು ವರ್ಷದಿಂದ ನೋಡಿದ್ದರೆಂದರೆ, ಅದೂ ಅವಳ ಮುಖದ ಒಂದು ಭಾಗವೇ ಎಂಬಂತಾಗಿತ್ತು.

ಬಾಗಿಲ ಮೇಲಿನ ಹಲಗೆಯಲ್ಲಿ ಕೈ ಅಡ್ಡ ಇರಲಿಲ್ಲ. ಅಲ್ಲಿ ಪಕ್ಕಕ್ಕೆ ತಿರುಗಿದ ಒಬ್ಬ ಹುಡುಗಿಯ ಮುಖವನ್ನು ಬಣ್ಣದಲ್ಲಿ ಬರೆಸಿದ್ದರು. ಕೆಳದವಡೆ ಮುಂದಕ್ಕೆ ಚಾಚಿ, ಗದ್ದ ಬಿದಿಗೆಯ ಚಂದ್ರನ ಹಾಗೆ ಬಾಗಿತ್ತು. ಕೆಳಗೆ ಕೆಂಪಕ್ಷರದಲ್ಲಿ 'ಕಣಜ ಗದ್ದದ ಅಕ್ಕಿ ಶಾವಿಗೆ' ಎಂದಿತ್ತು. ಬರೆಸಿದವಳು ಲುವಾ ಅಜ್ಜಿ. ಮುಖ ಅವಳ ಮಗಳ ಮಗಳಾದ ಥೊವಾಳದು.

ಇದರ ಹಿಂದೆ ಹಳೆಯ ಕಥೆಯೊಂದಿದೆ. ಥೊವಾ ಮೂರನೇ ತರಗತಿಯಲ್ಲಿದ್ದಾಗ ಶಾಲೆಗೆ ಹಲ್ಲಿನ ಡಾಕ್ಟರು ಬಂದಿದ್ದರು. ಮಗುವಿನ ಕೆಳದವಡೆ ಮುಂದೆ ಬರುತ್ತಿದೆ, ದೊಡ್ಡ ಊರಿಗೆ ಕರೆದುಕೊಂಡು ಹೋಗಿ ಈಗಲೇ ತೋರಿಸಿ ಎಂದು ಹೇಳಿ ಕಳಿಸಿದರು. ತಾಯಿ ಹಿಯೆನ್ ದೂರದ ಚಪ್ಪಲಿ ಕಾರ್ಖಾನೆಯಲ್ಲಿದ್ದಳು. "ಡಾಕ್ಟ್ರು ಹೇಳಿದ ಹಾಗೆ ಮಾಡಮ್ಮ" ಎಂದು ಫೋನಿನಲ್ಲಿ ಹೇಳಿದಳು. ಅಜ್ಜಿ ಮಾಡಲಿಲ್ಲ. ಮಗುವನ್ನು ಬುದ್ಧನ ಗುಡಿಯ ಬಳಿ ಕೂರುತ್ತಿದ್ದ, ಮುಖ ನೋಡಿ ಭವಿಷ್ಯ ಹೇಳುವವನ ಹತ್ತಿರ ಕರೆದುಕೊಂಡು ಹೋದಳು.

"ಹಣೆ ಎಳವೆಗೆ, ಮೂಗು ಪ್ರಾಯಕ್ಕೆ, ಗದ್ದ ಮುಪ್ಪಿಗೆ," ಎಂದಿದ್ದ ಅವನು. "ಇಂಥ ಗದ್ದ ಸಾವಿರಕ್ಕೊಬ್ಬರಿಗೆ ಬರೋದು. ಇದು ನಿಮ್ಮನೆ ಕಣಜ, ತಾಯೀ. ಕಬ್ಬಿಣ ಮುಟ್ಟಿಸಿದ್ರೋ, ಕಣಜಕ್ಕೆ ತೂತು ಬಿತ್ತು ಅಂತ ತಿಳ್ಕೊಳ್ಳಿ."

ಅದೇ ವರ್ಷ ಸೇತುವೆ ಮುಗಿಯಿತು. ದೊಡ್ಡ ರಸ್ತೆಯ ವಾಹನಗಳೆಲ್ಲ ಅಜ್ಜಿಯ ಅಂಗಡಿಯ ಮುಂದೆಯೇ ಹಾದುಹೋಗತೊಡಗಿದವು, ಬಟ್ಟಲು ತೊಳೆಯಲು ಪುರುಸೊತ್ತಿಲ್ಲದಷ್ಟು ವ್ಯಾಪಾರವಾಯಿತು. ಸೇತುವೆ ಎಲ್ಲರ ಕಣ್ಣೆದುರೇ ನಿಂತಿತ್ತು. ಆದರೂ ಎಲ್ಲರೂ ಗದ್ದವನ್ನೇ ಹೊಗಳಿದರು.

ಆಮೇಲೆ ಹೊಸ ವರ್ಷದ ಹಬ್ಬ ಬಂತೆಂದರೆ, ವರ್ಷವಿಡೀ ಅದೃಷ್ಟ ಇರಲೆಂದು ಬೆಳಗಿನ ಮೊದಲ ಹೆಜ್ಜೆ ನಮ್ಮ ಮನೆಯೊಳಗೆ ಥೊವಾಳದೇ ಆಗಲಿ ಎಂದು ಬೀದಿಯವರೆಲ್ಲ ಕೇಳಿಕೊಳ್ಳುವರು. ಹೊಸ ಬಟ್ಟೆ ತೊಟ್ಟು ಅವಳು ಮನೆಯಿಂದ ಮನೆಗೆ ಹೋಗುವಳು. ದುಡ್ಡಿಟ್ಟ ಕೆಂಪು ಲಕೋಟೆ ಕೊಟ್ಟು, ಗದ್ದ ಹಿಡಿದೆತ್ತಿ ನೋಡಿ, ನಕ್ಕು ಕಳಿಸುವರು. ಒಂದು ವರ್ಷ ಅವಳು ಮಂಚದಡಿ ಅಡಗಿ ಕೂತಳು. ಹೊಸಿಲಲ್ಲಿ ಕಾಯುತ್ತಿದ್ದವರ ಮುಂದೆ ಅಜ್ಜಿಗೆ ಅವಮಾನವಾಯಿತು. "ಊರಿಗೆಲ್ಲ ಶುಭ ತರೋ ಮುಖ ಹೊತ್ಕೊಂಡು ಅಳ್ತೀಯಲ್ಲ, ಮೂದೇವಿ!" ಎಂದು ತೋಳು ಹಿಡಿದು ಎಳೆದಿದ್ದಳು. ಮಗು ಕಣ್ಣೊರೆಸಿಕೊಂಡು ಹೋಯಿತು. ಬಾಯಿಗೆ ಕೈ ಅಡ್ಡ ಬಂದದ್ದು ಆ ಹಬ್ಬದಿಂದಲೇ ಇರಬೇಕು.

ಈಗ ಥೊವಾ ಬೆಳೆದ ಹೆಣ್ಣು. ಶಿಶುವಿಹಾರದಲ್ಲಿ ಟೀಚರ್ ಆಗಿ ಸೇರಿದ್ದಳು. ಮಕ್ಕಳು ಗದ್ದ ಚಾಚಿ ಅಣಕಿಸಿದ್ದನ್ನು ಸಹಿಸಿಕೊಂಡಳು. ಹಾಡು ಹೇಳಿಕೊಟ್ಟರೆ ಕೆಲವು ಅಕ್ಷರಗಳು ಬಾಯಿಂದ ಸರಿಯಾಗಿ ಹೊರಡದೆ, ಮಕ್ಕಳು ಹಾಗೆಯೇ ತಪ್ಪಾಗಿ ಕಲಿತರು. ಅದನ್ನು ಸಹಿಸಲಾಗದೆ ಕೆಲಸ ಬಿಟ್ಟು ಬಂದಳು.

ಆ ದಿನ ಗಿರಾಕಿಗಳು ಕರಗಿದ ಮೇಲೆ ಅವಳು ಹೇಳಿದಳು: "ಅಜ್ಜಿ, ನಾನು ದವಡೆ ಆಪರೇಷನ್ ಮಾಡಿಸ್ಕೋತೀನಿ."

ಅಜ್ಜಿಯ ಕೈಯ ಸೌಟು ನಿಂತಿತು. "ಏನಂದೆ? ಚಂದ ಕಾಣ್ಲಿ ಅಂತ ದೇವರು ಕೊಟ್ಟ ಮೂಳೆ ಕೊಯ್ಸ್ಕೋತಾರೇನೇ?"

"ಚಂದಕ್ಕಲ್ಲ."

"ಮತ್ತಿನ್ಯಾತಕ್ಕೆ? ಯಾವನಾದ್ರೂ ಏನಾದ್ರೂ ಅಂದನಾ? ನಿನ್ನ ಗದ್ದದಿಂದ ಈ ಮನೆ ನಿಂತಿದೆ, ಗೊತ್ತಾ?"

"ಅದನ್ನೇ ಕೇಳಿ ಕೇಳಿ ಬೆಳೆದಿದೀನಿ." ಥೊವಾ ಒಂದು ಬಟ್ಟಲು ಶಾವಿಗೆ ತಂದು ಮೇಜಿನ ಮೇಲಿಟ್ಟಳು. "ಕೂತ್ಕೋ. ನಾನು ತಿನ್ನೋದು ನೋಡು."

"ನಂಗೆ ಕೆಲಸ ಇದೆ."

"ಯಾವತ್ತೂ ಇರುತ್ತೆ. ಇವತ್ತು ಕೂತ್ಕೋ, ಅಜ್ಜಿ."

ಲುವಾ ಅಜ್ಜಿ ಕೂತಳು. ಯೋಚಿಸಿ ನೋಡಿದರೆ, ಅವಳು ಮೊಮ್ಮಗಳ ಎದುರು ಊಟಕ್ಕೆ ಕೂತದ್ದೇ ಇಲ್ಲ. ಯಾವಾಗಲೂ ಒಲೆ ಕಡೆ ಮುಖ, ಹುಡುಗಿ ಕಡೆ ಬೆನ್ನು.

ಥೊವಾ ಊಟದ ಕಡ್ಡಿಗಳಲ್ಲಿ ಶಾವಿಗೆ ಎತ್ತಿ ಬಾಯಿಗಿಟ್ಟು ಕಚ್ಚಿದಳು. ಮೇಲಿನ ಹಲ್ಲು ಒಳಗೆಲ್ಲೋ, ಕೆಳಗಿನದು ಹೊರಗೆಲ್ಲೋ. ಶಾವಿಗೆ ತುಂಡಾಗದೆ ತುಟಿಯಿಂದ ಜೋತುಬಿದ್ದಿತು. ಅದನ್ನು ವಾಪಸು ಬಟ್ಟಲಿಗೆ ಬಿಟ್ಟು, ಚಮಚದ ಅಂಚಿನಿಂದ ಒತ್ತಿ ಒತ್ತಿ ಚೂರು ಮಾಡಿ, ನುಂಗಿದಳು. ಮಾಂಸದ ತುಂಡೊಂದನ್ನು ಒಂದೇ ಪಕ್ಕದಲ್ಲಿ ಅಗಿಯುವಾಗ ಕಿವಿಯ ಹತ್ತಿರ ಲಟಕ್ಕೆಂದಿತು. ಆ ಸದ್ದು ಮೇಜಿನಾಚೆಗೂ ಕೇಳಿಸಿತು.

"ನೋವಾಗುತ್ತಾ?"

"ದಿನಾ."

"ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಕಣಜಕ್ಕೆ ನೋವು ಅಂದ್ರೆ ನೀನು ನಂಬ್ತಿದ್ಯಾ?"

ಊರಿಗೆಲ್ಲ ಶಾವಿಗೆ ಬಡಿಸಿದ ಮುದುಕಿಯ ಮನೆಯ ಕೂಸಿಗೆ ಶಾವಿಗೆ ಕಚ್ಚಲು ಬಾರದು. ಅಜ್ಜಿ ಎದ್ದು ಒಲೆಯ ಕಡೆ ತಿರುಗಿ ಉರಿಯುತ್ತಿದ್ದ ಬೆಂಕಿಯನ್ನೇ ಸುಮ್ಮನೆ ಕೆದಕಿದಳು.

ತಪ್ಪು ಮಾಡಿದೆನೆಂದು ಅರಿವಾದವರಿಗೆ ಕೂತಲ್ಲಿ ಕೂರಲಾಗದು. ಅದುವರೆಗೆ ಬೇಡವೇ ಬೇಡ ಎಂದ ಅಜ್ಜಿ, ಈಗ ನಾಳೆಯೇ ಆಗಲಿ ಎಂದು ಹಿಡಿದಳು. ಥೊವಾ ತಾನೇ ವಿಚಾರಿಸಿ ಸೈಗಾನಿನ ಸರ್ಕಾರಿ ಆಸ್ಪತ್ರೆಯ ವಿಯೆನ್ ಎಂಬ ಡಾಕ್ಟರ ಹೆಸರು ತಿಳಿದುಕೊಂಡಿದ್ದಳು. ಮೊದಲು ವರ್ಷಕ್ಕೂ ಮೀರಿ ಹಲ್ಲಿಗೆ ತಂತಿ, ಆಮೇಲೆ ಆಪರೇಷನ್. ಅಜ್ಜಿಗೆ ಅದು ಸರಿಬರಲಿಲ್ಲ.

"ಅಷ್ಟು ದಿನ ಯಾರು ಕಾಯ್ತಾರೆ? ಕಾನ್ ಥೋ ಪಟ್ಟಣದಲ್ಲಿ ಸೌಂದರ್ಯದ ಆಸ್ಪತ್ರೆ ಇದೆಯಂತೆ. ಹೋದ ವಾರವೇ ಮಾಡಿ ಮನೆಗೆ ಕಳಿಸ್ತಾರಂತೆ."

"ಹೋದ ವಾರ ಹ್ಯಾಗೆ ಮಾಡ್ತಾರೆ ಅಜ್ಜಿ?"

"ಹೋದ ವಾರದಲ್ಲೇ ಅಂದ್ರೆ... ನಾವು ಹೋದ ವಾರ, ಕಣೇ! ಮಾತಿಗೆ ಮಾತು ಕೊಡ್ಬೇಡ. ಒಳ್ಳೆ ದಿನ ನೋಡಿಸಿದೀನಿ." ಹೇಳುತ್ತಾ ಅಜ್ಜಿ ಆಗಲೇ ಚೀಲಕ್ಕೆ ಬಟ್ಟೆ ತುಂಬತೊಡಗಿದ್ದಳು. ಥೊವಾಗೆ ಬೇಡ ಎನ್ನಲಾಗಲಿಲ್ಲ. ಹೊರಟಳು.

ಅಲ್ಲಿ ತಂಪು ಕೋಣೆ, ಹೂವಿನ ಚಹಾ, ಗೋಡೆ ತುಂಬ ಡಾಕ್ಟರ ದೊಡ್ಡ ಫೋಟೋ. ಡಾಕ್ಟರು ಮಾತ್ರ ಇರಲಿಲ್ಲ. ಗುಲಾಬಿ ಉಡುಪಿನ ಹೆಂಗಸೊಬ್ಬಳು ಥೊವಾಳ ಮುಖವನ್ನು ಪರದೆಯ ಮೇಲೆ ತಂದು, ಬೆರಳಿನಿಂದ ಗದ್ದದ ತುದಿಯನ್ನು ಒರೆಸಿ ಹಾಕಿದಳು.

"ನೋಡಿ, ತುದಿ ಇಷ್ಟು ಕೆತ್ತಿದ್ರೆ ಆಯ್ತು. ಗೊಂಬೆ ಹಾಗಾಗ್ತಾಳೆ."

"ಹಲ್ಲು ಕೂಡುತ್ತಾ?" ಥೊವಾ ಕೇಳಿದಳು.

"ಅಯ್ಯೋ ತಂಗಿ, ಫೋಟೋದಲ್ಲಿ ಹಲ್ಲು ಯಾರು ನೋಡ್ತಾರೆ?"

"ಡಾಕ್ಟ್ರು ಯಾವಾಗ ಸಿಗ್ತಾರೆ?"

"ಆಪರೇಷನ್ ದಿನ ಬಂದೇ ಬರ್ತಾರೆ." ಹೆಂಗಸು ಕುರ್ಚಿಯನ್ನು ಅಜ್ಜಿಯ ಹತ್ತಿರ ಎಳೆದುಕೊಂಡಳು. ಸಾ ದೆಕ್ಕಿನಿಂದ ಬಂದ ಮುದುಕಿಯ ಮನಸ್ಸಿನಲ್ಲಿ ಏನಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಅಜ್ಜಿ, ಅದೃಷ್ಟ ಒಡೆಯುತ್ತೆ ಅಂತ ಹೆದರಬೇಡಿ. ನಮ್ಮ ಡಾಕ್ಟ್ರು ಸಿರಿ ನಿಲ್ಲೋ ಗದ್ದನೇ ಮಾಡ್ತಾರೆ. ಮುಪ್ಪಿನ ಕಣಜ ಅಂದ್ರೆ ಗದ್ದ ಅಲ್ವಾ?"

ಅಜ್ಜಿ ಚಹಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅದೇ ಮಾತು, ಅದೇ ಜೇನಿನ ದನಿ. ಗುಡಿಯ ಬಳಿ ಕೂತಿದ್ದವನೂ ಮಗುವಿಗೆ ಬಾಯಿ ತೆರೆ ಎನ್ನಲಿಲ್ಲ. ಮಗುವನ್ನು ಒಮ್ಮೆ ನೋಡಿ, ಆಮೇಲೆ ಹೇಳಿದ್ದೆಲ್ಲ ಅಜ್ಜಿಯ ಮುಖ ನೋಡಿಕೊಂಡೇ. ಈ ಹೆಂಗಸೂ ಈಗ ಹಾಗೆಯೇ ನೋಡುತ್ತಿದ್ದಳು. ತನಗೆ ಏನು ಕೇಳಬೇಕೆಂದಿತ್ತೋ ಅದನ್ನು ಆ ದಿನವೂ ಮಾರಿದರು, ಇವತ್ತೂ ಮಾರುತ್ತಿದ್ದಾರೆ. ಎರಡು ಸಲವೂ ಮಗುವಿನ ಕೈ ಹಿಡಿದು ಕರೆತಂದವಳು ತಾನೇ.

"ಏಳವ್ವ," ಎಂದಳು ಅಜ್ಜಿ. "ಹೋಗೋಣ."

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕಬ್ಬಿನ ಹಾಲು ಹಿಡಿದು ಕೂತರು.

"ಯಾಕಜ್ಜಿ ಎದ್ದು ಬಂದೆ?"

"ಅವಳು ನನ್ನ ಮುಖ ಓದಿದ್ಲು, ನಿನ್ನ ಮುಖ ನೋಡ್ಲೇ ಇಲ್ಲ." ಅಜ್ಜಿ ಲೋಟವನ್ನು ಕೆಳಗಿಟ್ಟಳು. "ನಾನು ನಿನ್ನ ಹಾಳು ಮಾಡಿದೆ, ಕೂಸೇ. ಬೇಗ ಸರಿ ಮಾಡಿಬಿಡೋಣ ಅಂತ ಓಡಿ ಬಂದೆ."

ಥೊವಾ ಸಮಾಧಾನ ಹೇಳಲಿಲ್ಲ. "ನಿನ್ನ ಮನಸ್ಸಿನ ಭಾರ ಬೇಗ ಇಳೀಲಿ ಅಂತ ನನ್ನ ಮೂಳೆ ಅವಸರ ಮಾಡೋಕಾಗಲ್ಲ, ಅಜ್ಜಿ. ಅದು ನಿಂಗೆ ಗೊತ್ತಾದ್ರೆ ಸಾಕು."

ಅಜ್ಜಿ ತಲೆ ತಗ್ಗಿಸಿ ಹೂಂಗುಟ್ಟಿದಳು.

ಸೈಗಾನಿನ ಆಸ್ಪತ್ರೆಯಲ್ಲಿ ಚಹಾ ಕೊಡುವವರಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮಧ್ಯಾಹ್ನದವರೆಗೆ ಕಾದರು. ವಿಯೆನ್ ಡಾಕ್ಟರು ಕಣ್ಣಡಿ ಕಪ್ಪಾದ, ಸಣಕಲು ಮನುಷ್ಯ. ಏನು ತೊಂದರೆ ಎಂದು ಕೇಳಿದರು.

"ಸ್ವಾಮಿ, ಇವಳಿಗೆ ಚಿಕ್ಕಂದಿನಿಂದ..." ಎಂದು ಅಜ್ಜಿ ಶುರುಮಾಡಿದಳು.

"ಅಮ್ಮ, ಅವರ ಬಾಯಿ ಅವರದು. ಅವರೇ ಹೇಳ್ಲಿ."

ಥೊವಾ ಕೈ ತೆಗೆದು ಹೇಳಿದಳು. ಕಚ್ಚಲಾಗದ್ದು, ಕಿವಿಯ ಬಳಿ ನೋವು, ಬೆಳಗ್ಗೆ ಏಳುವಾಗ ಬಾಯಿ ಒಣಗಿರುವುದು, ಹೊರಡದ ಅಕ್ಷರಗಳು. ಅವಳು ಅಷ್ಟೊಂದು ಮಾತಾಡಿದ್ದನ್ನು ಅಜ್ಜಿ ಕೇಳಿಯೇ ಇರಲಿಲ್ಲ. ಡಾಕ್ಟರು ಬಾಯಿ ತೆರೆಸಿ, ಮುಂದಿನ ಹಲ್ಲಿನ ನಡುವೆ ತೆಳ್ಳನೆಯ ಕಾಗದದ ಪಟ್ಟಿಯೊಂದನ್ನಿಟ್ಟು ಕಚ್ಚಿಸಿ, ಎಳೆದರು. ಕಾಗದ ಸಲೀಸಾಗಿ ಜಾರಿ ಬಂತು.

"ಗದ್ದ ಕೆತ್ತಿದ್ರೆ ಇದು ಕೂಡಲ್ಲ. ಮೇಲಿನ ದವಡೆ ಹಿಂದಿದೆ, ಕೆಳಗಿಂದು ಮುಂದಿದೆ. ಎರಡನ್ನೂ ಕೊಯ್ದು ಸರಿಸಿ ಕೂರಿಸ್ಬೇಕು. ಮೊದಲು ಹಲ್ಲು ಸಾಲಿಗೆ ಬರ್ಬೇಕು, ಅದಕ್ಕೇ ತಂತಿ."

"ನೀವೇ ಮಾಡ್ತೀರಾ?" ಥೊವಾ ಕೇಳಿದಳು.

"ಕೊಯ್ಯೋದು ನಾನೇ. ಜೊತೆಗೆ ಯಾರ್ಯಾರು ನಿಲ್ತಾರೆ, ಮದ್ದು ಕೊಟ್ಟು ಮಲಗಿಸೋರು ಯಾರು, ಎಲ್ಲಾ ಮುಂಚೆ ಹೇಳ್ತೀನಿ."

"ಕೆಟ್ಟದ್ದು ಏನಾಗ್ಬಹುದು?"

"ಕೆಳತುಟಿ ಜುಮ್ಮುಗಟ್ಟುತ್ತೆ. ತಿಂಗಳುಗಟ್ಟಲೆ ಇರುತ್ತೆ. ಕೆಲವರಿಗೆ ಸ್ಪರ್ಶ ಪೂರ್ತಿ ವಾಪಸ್ ಬರೋದೇ ಇಲ್ಲ. ನಿಮಗೆ ಬರುತ್ತೆ ಅಂತ ಮಾತು ಕೊಡೋಕಾಗಲ್ಲ. ವಾರಗಟ್ಟಲೆ ಗಂಜಿನೀರೇ ಊಟ. ಇನ್ನೊಬ್ಬ ಡಾಕ್ಟರನ್ನೂ ಕೇಳಿ, ನಂಗೇನೂ ಬೇಜಾರಿಲ್ಲ. ಮಾಡಿಸ್ಕೊಳ್ಳಲ್ಲ ಅಂದ್ರೂ ಸರಿ."

ಏಳುವಾಗ ಅಜ್ಜಿಗೆ ಸುಮ್ಮನಿರಲಾಗಲಿಲ್ಲ. "ಸ್ವಾಮಿ, ಎಂಟೊಂಬತ್ತು ವರ್ಷದಲ್ಲೇ ಕರ್ಕೊಂಡು ಬಂದಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. "ಕೆಲವು ಮಕ್ಕಳಿಗೆ ಆಗಲೇ ಸರಿಹೋಗುತ್ತೆ, ಕೊಯ್ಯೋದೇ ಬೇಕಾಗಲ್ಲ. ಇನ್ನು ಕೆಲವರಿಗೆ ಎಷ್ಟು ತಿದ್ದಿದ್ರೂ ದವಡೆ ಮುಂದಕ್ಕೇ ಬೆಳೆಯುತ್ತೆ. ಇವರದು ಯಾವುದು ಆಗ್ತಿತ್ತೋ ಗೊತ್ತಿಲ್ಲ, ಅಮ್ಮ."

ಹೌದು, ನಿನ್ನ ತಪ್ಪೇ ಎಂದಿದ್ದರೆ ಅಜ್ಜಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಅಲ್ಲ ಎಂದಿದ್ದರೆ ಅಂದೇ ನೆಮ್ಮದಿಯಾಗಿ ಮಲಗುತ್ತಿದ್ದಳು. ಗೊತ್ತಿಲ್ಲ ಎಂಬುದನ್ನು ಮಾತ್ರ ಹೊತ್ತುಕೊಂಡೇ ತಿರುಗಬೇಕು. ಅವಳು ಕೈಮುಗಿದು ಹೊರಗೆ ಬಂದಳು.

ಬಸ್ಸು ಸೈಗಾನ್ ಬಿಟ್ಟು ಬಯಲಿಗೆ ಬಂದಾಗ ಥೊವಾ ಹೇಳಿದಳು: "ಇನ್ನೊಬ್ಬರನ್ನೂ ಕೇಳ್ತೀನಿ. ಆದ್ರೂ ನನಗೆ ಇವರೇ ಆಗ್ತಾರೆ ಅನ್ಸುತ್ತೆ."

"ಅಷ್ಟು ಹೆದರಿಸಿದ್ರಲ್ಲೇ?"

"ನನ್ನ ಗದ್ದ ನೋಡಿ 'ಗೊತ್ತಿಲ್ಲ' ಅಂದ ಮೊದಲನೇ ಮನುಷ್ಯ ಅವರು, ಅಜ್ಜಿ. ಮಿಕ್ಕವರಿಗೆಲ್ಲ ಎಲ್ಲಾ ಗೊತ್ತಿತ್ತು."

ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದ ಮಾರನೆಯ ಬೆಳಗ್ಗೆ, ತಾಮ್ ಮಾಮ ಎಂದಿನಂತೆ ಚೀಟಿ ಮಾರುವವಳೊಂದಿಗೆ ಬಂದರು. ಅಂಗಡಿಯ ಬಾಗಿಲಿಗೆ ಏಣಿ ಒರಗಿತ್ತು. ಲುವಾ ಅಜ್ಜಿ ಅಂಗಿಯ ತೋಳು ಮಡಿಸಿ, ಇಕ್ಕಳ ಹಿಡಿದು ಮೇಲಿದ್ದಳು. ಕೆಳಗೆ ಥೊವಾ ಏಣಿ ಹಿಡಿದಿದ್ದಳು.

"ಏನಕ್ಕಾ ಇದು, ಈ ವಯಸ್ಸಲ್ಲಿ ಮಂಗನಾಟ?"

"ಹಲಗೆ ಇಳಿಸ್ತಿದೀನಿ."

"ಅಯ್ಯೋ, ಜನ ಅಂಗಡಿ ಹ್ಯಾಗೆ ಗುರುತು ಹಿಡೀತಾರೆ?"

"ಸಾರಿನ ವಾಸನೆ ಹಿಡ್ಕೊಂಡು ಬರ್ಲಿ."

"ಅಲ್ಲಕ್ಕಾ, ಕಣಜ..."

"ತಾಮಣ್ಣ," ಅಜ್ಜಿ ಮೊಳೆ ಕೀಳುತ್ತಲೇ ಹೇಳಿದಳು, "ಈ ಅಂಗಡಿಗೆ ಗಿರಾಕಿ ತಂದದ್ದು ನಿಮ್ಮ ಕೆಲಸ ಕಿತ್ಕೊಂಡ ಸೇತುವೆ. ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಈ ಹುಡುಗಿಗೆ ದಿನಾ ನೋವಾಗ್ತಿತ್ತು, ಅದು ಮಾತ್ರ ನನಗೆ ಗೊತ್ತಿರ್ಲಿಲ್ಲ. ಮಗ್ಗುಲಲ್ಲೇ ಇದ್ಲು."

ಮಾಮ ಹೊಳೆಯ ಮೇಲಿನ ಸೇತುವೆಯ ಕಡೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಹಬ್ಬದ ಮೊದಲ ಹೆಜ್ಜೆ?" ಎಂದರು.

"ಅವಳನ್ನೇ ಕೇಳಿ. ಬರಲ್ಲ ಅಂದ್ರೆ ಬರಲ್ಲ, ಅಷ್ಟೇ."

"ಚೀಟಿ?"

"ನಿಮ್ಮ ಕೈಗೇನು ಹುಳು ಹಿಡಿದಿದೆಯಾ? ನೀವೇ ಎತ್ಕೊಳ್ಳಿ."

ಒಂದು ಪಕ್ಕದ ಕೊನೆಯ ಮೊಳೆ ಕಿತ್ತು ಬಂತು. ಹಲಗೆ ಆ ಪಕ್ಕ ಸಡಿಲವಾಗಿ ಮಾಮನ ತಲೆಯ ಮೇಲೆ ವಾಲಿತು. ಅವರು "ಅಯ್ಯಯ್ಯೋ!" ಎನ್ನುತ್ತಾ ಚೀಟಿ ಮಾರುವವಳ ಬೆನ್ನ ಹಿಂದೆ ಅವಿತರು. ಥೊವಾಗೆ ನಗು ತಡೆಯಲಾಗಲಿಲ್ಲ. ಏಣಿ ಬಿಟ್ಟರೆ ಅಜ್ಜಿ ಬೀಳುತ್ತಾಳೆ. ಎರಡೂ ಕೈ ಏಣಿಯ ಮೇಲೇ ಇದ್ದವು. ಬೆಳಗಿನ ಬಿಸಿಲಿಗೆ ಹಲ್ಲಿನ ತಂತಿ ಥಳಥಳ ಎಂದಿತು.

ಅಜ್ಜಿ ಮೇಲಿನಿಂದ ಆ ಬಾಯಿಯನ್ನು ನೋಡಿದಳು. ಇಳಿಯಲು ಅವಸರ ಮಾಡಲಿಲ್ಲ.